ಡೇರೆ ಬಿಚ್ಚಿದ ಮೇಲೆ

2022ರ ಡಿಸೆಂಬರ್ 21ರಿಂದ 27ರ ತನಕ ಮೂಡುಬಿದಿರೆಯ ವಿದ್ಯಾಗಿರಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ನ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆಯಿತು. ಬಂದ ಮಕ್ಕಳ ಸಂಖ್ಯೆ ಐವತ್ತು ಸಾವಿರ ಎಂದು ನಡೆಸಿದವರು ಲೆಕ್ಕ ಹೇಳಿದರು. ದೇಶದ ನಾನಾ ರಾಜ್ಯಗಳ ಮಕ್ಕಳು, ಹೊರದೇಶದ ಮಕ್ಕಳು, ಎಲ್ಲ ಜಾತಿ ಎಲ್ಲ ಮತದವರು ಏಳು ದಿನ ಒಂದೇ ನೆಲದ ಮೇಲೆ ಉಂಡು, ಮಲಗಿ, ಹಾಡಿ, ಕುಣಿದು ಊರಿಗೆ ಮರಳಿದರು. ಎಲ್ಲರ ಕುತ್ತಿಗೆಯಲ್ಲೂ ಒಂದೊಂದು ಸ್ಕಾರ್ಫು. ನೋಡಿದವರ ಕಣ್ಣು ತುಂಬಿತು ಎಂದರು. ತುಂಬಲಿ, ಅದರಲ್ಲಿ ತಪ್ಪೇನೂ ಇಲ್ಲ.

ಅದೇ ವಾರ, ಡಿಸೆಂಬರ್ 24ರಂದು, ಇದೇ ಜಿಲ್ಲೆಯ ಕಾಟಿಪಳ್ಳದಲ್ಲಿ ಅಂಗಡಿ ಇಟ್ಟುಕೊಂಡು ಬದುಕುತ್ತಿದ್ದ ಒಬ್ಬ ಮುಸ್ಲಿಮನನ್ನು ಇರಿದು ಕೊಂದರು. ಸುರತ್ಕಲ್ ಸುತ್ತ ನಿಷೇಧಾಜ್ಞೆ ಬಂತು. ಐದು ಜನ ಒಟ್ಟು ಸೇರುವಂತಿಲ್ಲ. ಒಂದು ಕಡೆ ಐವತ್ತು ಸಾವಿರ ಜನ ಒಟ್ಟಿಗಿದ್ದಾರೆ, ಇನ್ನೊಂದು ಕಡೆ ಐದು ಜನ ಒಟ್ಟಿಗೆ ನಿಲ್ಲುವ ಹಾಗಿಲ್ಲ. ಅದೇ ವರ್ಷದ ಜುಲೈ ತಿಂಗಳಲ್ಲಿ ಹತ್ತು ದಿನಗಳೊಳಗೆ ಮೂವರು ಯುವಕರ ಕೊಲೆಯನ್ನು ಈ ಜಿಲ್ಲೆ ನೋಡಿತ್ತು. ಇಬ್ಬರು ಮುಸ್ಲಿಮರು, ಒಬ್ಬ ಹಿಂದೂ.

ಹಾಗಾದರೆ ಈ ಜಿಲ್ಲೆಯ ನಿಜ ಯಾವುದು? ಡೇರೆಯದ್ದೋ, ಚೂರಿಯದ್ದೋ? ಈ ಪ್ರಶ್ನೆಗೆ ನಮ್ಮ ನಡುವೆ ಎರಡು ಸಿದ್ಧ ಉತ್ತರಗಳಿವೆ. ವೇದಿಕೆಯ ಮೇಲೆ ಕೂರುವ ದೊಡ್ಡವರು ಹೇಳುತ್ತಾರೆ: ನೋಡಿ, ನಾವೆಲ್ಲ ಒಂದೇ, ಯಾರೋ ನಾಲ್ಕು ಜನ ಕಿಡಿಗೇಡಿಗಳು ಹಾಳು ಮಾಡುತ್ತಾರೆ, ಅಷ್ಟೆ. ನಮ್ಮ ಬಿಸಿರಕ್ತದ ಗೆಳೆಯರು ಹೇಳುತ್ತಾರೆ: ಜಾಂಬೂರಿ ಗೀಂಬೂರಿ ಎಲ್ಲ ನಾಟಕ ಮಾರಾಯ್ರೆ, ವೇಷ ಕಳಚಿದ ಮೇಲೆ ಅವನವನು ಅವನವನ ಜಾತಿಗೇ ಹೋಗುತ್ತಾನೆ. ಮೊದಲನೆಯ ಉತ್ತರ ಆರಾಮ ಕುರ್ಚಿಯದು. ಎರಡನೆಯದು ಸಿಟ್ಟಿನದು, ಅದಕ್ಕೆ ಕಾರಣವೂ ಉಂಟು. ಆದರೆ ಎರಡೂ ಉತ್ತರಗಳು ನಮ್ಮನ್ನು ಕೆಲಸದಿಂದ ಬಿಡಿಸಿಬಿಡುತ್ತವೆ. ಎಲ್ಲ ಸರಿಯಿದ್ದರೆ ಮಾಡುವುದಕ್ಕೆ ಏನೂ ಇಲ್ಲ, ಎಲ್ಲ ನಾಟಕವಾದರೂ ಮಾಡುವುದಕ್ಕೆ ಏನೂ ಇಲ್ಲ. ಆದ್ದರಿಂದ ಪ್ರಶ್ನೆಯನ್ನೇ ಸ್ವಲ್ಪ ಬದಲಿಸಿ ಕೇಳಬೇಕು. ಏಳು ದಿನದ ಮಟ್ಟಿಗೆ ಮಾತ್ರ ಇರುವ ಸಮಾನತೆ ಸಮಾನತೆಯೇ? ಅದರ ಬೆಲೆ ಎಷ್ಟು? ಅದು ಯಾರ ಮೇಲೆ ಯಾವ ಸಾಲ ಹೊರಿಸುತ್ತದೆ?

ಈ ಪ್ರಶ್ನೆಯನ್ನು ಹಿಡಿದುಕೊಂಡು ಮೊದಲು ಮಂಗಳೂರಿನ ನಡುಮಧ್ಯದ ಹಂಪನಕಟ್ಟೆಯಲ್ಲಿ ಸ್ವಲ್ಪ ನಿಲ್ಲೋಣ. ಒಂದು ಕಡೆ 1680ರಲ್ಲಿ ಶುರುವಾದ ಮಿಲಾಗ್ರಿಸ್ ಇಗರ್ಜಿ. ಹತ್ತಿರದಲ್ಲೇ ಬಡವರ ವೆನ್ಲಾಕ್ ಆಸ್ಪತ್ರೆ, ವಿಶ್ವವಿದ್ಯಾನಿಲಯ ಕಾಲೇಜು, ಬಟ್ಟೆ ಅಂಗಡಿ, ಬಂಗಾರದ ಅಂಗಡಿ. ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳ ಎಲ್ಲವೂ ಒಂದೇ ಸಿಗ್ನಲ್ಲಿನಲ್ಲಿ ಕೇಳುತ್ತವೆ. ಈ ಜಾಗಕ್ಕೆ ಹೆಸರು ಬಂದದ್ದಕ್ಕೆ ಜನ ಒಂದು ಕತೆ ಹೇಳುತ್ತಾರೆ. ಹಿಂದೆ ಇಲ್ಲಿ ಅಪ್ಪಣ್ಣ ಎಂಬವನು ಕಟ್ಟೆಯ ಮೇಲೆ ಕೂತು, ಬಾವಿಯಿಂದ ನೀರೆತ್ತಿ, ದಣಿದು ಬಂದ ದಾರಿಹೋಕರಿಗೆ ಕೊಡುತ್ತಿದ್ದನಂತೆ. ಅಪ್ಪಣ್ಣನ ಕಟ್ಟೆ ಬಾಯಿಂದ ಬಾಯಿಗೆ ಹೋಗಿ ಹಂಪನಕಟ್ಟೆ ಆಯ್ತಂತೆ. 2021ರಲ್ಲಿ ಸ್ಮಾರ್ಟ್ ಸಿಟಿ ಕೆಲಸಕ್ಕೆ ರಸ್ತೆ ಅಗೆದಾಗ ಡಾಂಬರಿನ ಅಡಿಯಲ್ಲಿ ಹಳೆಯ ಬಾವಿಯೇ ಸಿಕ್ಕಿತು. ಕತೆಗೆ ಸಾಕ್ಷಿ ಸಿಕ್ಕಿತು ಎಂದು ಜನ ಓಡಿ ಬಂದು ನೋಡಿದರು.

ಕತೆ ಚೆಂದ ಉಂಟು. ಆದರೆ ನಮ್ಮಂಥವರು ಕತೆ ಕೇಳುವಾಗ ಕತೆ ಹೇಳದ್ದನ್ನೂ ಕೇಳಿಸಿಕೊಳ್ಳಬೇಕಾಗುತ್ತದೆ. ಅಪ್ಪಣ್ಣ ಎಲ್ಲರಿಗೂ ನೀರು ಕೊಟ್ಟನೆ? ಕೊಟ್ಟರೆ ಹೇಗೆ ಕೊಟ್ಟ? ಒಬ್ಬನ ಕೈಗೆ ಚೊಂಬು ಇಟ್ಟು, ಇನ್ನೊಬ್ಬನ ಬೊಗಸೆಗೆ ಎತ್ತರದಿಂದ ಹೊಯ್ದನೆ? ಕೊರಗರವನೊಬ್ಬ ಆ ದಾರಿಯಲ್ಲಿ ಬಂದಿದ್ದರೆ ಕಟ್ಟೆಯ ಹತ್ತಿರ ಬರಬಹುದಿತ್ತೆ? ಬಾವಿಗೆ ತಾನೇ ಕೊಡ ಇಳಿಸಬಹುದಿತ್ತೆ? ಕತೆ ಇದನ್ನು ಹೇಳುವುದಿಲ್ಲ. ಅಪ್ಪಣ್ಣ ಒಳ್ಳೆಯವನೇ ಇರಬಹುದು. ಒಳ್ಳೆಯವನು ನೀರು ಕೊಡುವುದು ಬೇರೆ, ಬಾಯಾರಿದವನು ತಾನೇ ಸೇದಿಕೊಳ್ಳುವುದು ಬೇರೆ. ಮೊದಲನೆಯದರಲ್ಲಿ ದಯೆ ಉಂಟು. ಎರಡನೆಯದರಲ್ಲಿ ಹಕ್ಕು ಉಂಟು. 1927ರ ಮಾರ್ಚ್ 20ರಂದು ಬಾಬಾಸಾಹೇಬ ಅಂಬೇಡ್ಕರರು ಮಹಾಡಿನ ಚವದಾರ್ ಕೆರೆಗೆ ಇಳಿದು ನೀರು ಮುಟ್ಟಿದ್ದು ಬಾಯಾರಿಕೆಯಿಂದಲ್ಲ. ಕೊಡುವವನ ಕೈ ಬೇಡ, ನಮ್ಮ ಕೈ ಸಾಕು ಎಂದು ತೋರಿಸುವುದಕ್ಕೆ ಇಳಿದರು. ಆಮೇಲೆ ಮೇಲ್ಜಾತಿಯವರು 108 ಕೊಡಗಳಲ್ಲಿ ಸಗಣಿ, ಗಂಜಲ, ಹಾಲು, ಮೊಸರು ಹೊಯ್ದು ಕೆರೆಯನ್ನು 'ಶುದ್ಧ' ಮಾಡಿದರು. ನಾಯಿ ದನ ಕುಡಿದ ಕೆರೆ ಅದು. ಮನುಷ್ಯ ಕುಡಿದದ್ದಕ್ಕೆ ಕೆಟ್ಟಿತು.

ಈ ಅಳತೆಗೋಲನ್ನು ಕೈಯಲ್ಲಿ ಇಟ್ಟುಕೊಂಡು ಸ್ಕೌಟ್ ಚಳವಳಿಯ ಕಡೆ ನೋಡೋಣ. ಇಲ್ಲಿಯೂ ನೀರನ್ನು ಕೊಟ್ಟವರು ಯಾರು, ಸೇದಿಕೊಂಡವರು ಯಾರು ಎಂಬ ಪ್ರಶ್ನೆ ಮೊದಲ ದಿನದಿಂದ ಉಂಟು. 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್ಸೀ ಎಂಬ ನಡುಗಡ್ಡೆಯಲ್ಲಿ ಬೇಡನ್ ಪೊವೆಲ್ ಇಪ್ಪತ್ತರಷ್ಟು ಹುಡುಗರ ಶಿಬಿರ ನಡೆಸಿದ. ದೊಡ್ಡ ದೊಡ್ಡ ಶಾಲೆಗಳ ಸಾಹುಕಾರರ ಮಕ್ಕಳನ್ನೂ ದುಡಿಯುವವರ ಮಕ್ಕಳನ್ನೂ ಬೇಕೆಂದೇ ಬೆರೆಸಿ ಒಂದೇ ಡೇರೆಯಲ್ಲಿ ಮಲಗಿಸಿದ. ವರ್ಗದ ಹುಚ್ಚು ಹಿಡಿದಿದ್ದ ಆ ದೇಶದಲ್ಲಿ ಇದು ಸಣ್ಣ ಕೆಲಸವಲ್ಲ. ಮುಂದಿನ ವರ್ಷ ಅವನು ಬರೆದ ನಿಯಮಗಳಲ್ಲಿ, ಒಬ್ಬ ಸ್ಕೌಟು ಯಾವ ವರ್ಗದವನೇ ಇರಲಿ ಇನ್ನೊಬ್ಬ ಸ್ಕೌಟಿಗೆ ಅಣ್ಣತಮ್ಮ ಎಂಬ ಮಾತೂ ಬಂತು.

ಆದರೆ ಇದೇ ಬೇಡನ್ ಪೊವೆಲ್ ಸಾಮ್ರಾಜ್ಯದ ದಂಡಿನ ಮನುಷ್ಯ. 1899–1900ರಲ್ಲಿ ಮಾಫೆಕಿಂಗಿನ ಮುತ್ತಿಗೆಯಲ್ಲಿ ಅವನ ಕೈಕೆಳಗೆ ಬಿಳಿಯರಿಗೊಂದು ಪಡಿ, ಕರಿಯರಿಗೆ ಇನ್ನೊಂದು ಪಡಿ. ನಮ್ಮ ದೇಶಕ್ಕೆ ಸ್ಕೌಟಿಂಗ್ ಬಂದದ್ದು 1909ರಲ್ಲಿ, ಅದೂ ನಮ್ಮ ಬೆಂಗಳೂರಿಗೇ. ಕ್ಯಾಪ್ಟನ್ ಬೇಕರ್ ಎಂಬವನು ಶುರುಮಾಡಿದ ಆ ದಳಕ್ಕೆ ಯುರೋಪಿಯನ್ನರ ಮಕ್ಕಳು, ಆಂಗ್ಲೋ ಇಂಡಿಯನ್ ಮಕ್ಕಳು ಬರಬಹುದು. ಈ ನೆಲದ ಮಕ್ಕಳಿಗೆ ಬಾಗಿಲು ಇಲ್ಲ. ಎಲ್ಲರೂ ಅಣ್ಣತಮ್ಮಂದಿರು ಎಂಬ ನಿಯಮ ಪುಸ್ತಕದಲ್ಲಿ ಇದ್ದೇ ಇತ್ತು. ನಿಯಮ ಓದಿದವನ ಕಣ್ಣಿಗೆ ಕಪ್ಪು ಹುಡುಗ 'ಎಲ್ಲರ' ಒಳಗೆ ಬೀಳಲಿಲ್ಲ, ಅಷ್ಟೆ. ದಕ್ಷಿಣ ಆಫ್ರಿಕಾದಲ್ಲಂತೂ ಕರಿಯ ಹುಡುಗರಿಗೆ ಸ್ಕೌಟ್ ಎಂಬ ಹೆಸರನ್ನೂ ಕೊಡದೆ 'ಪಾತ್‌ಫೈಂಡರ್' ಎಂದು ಬೇರೆ ಪಂಕ್ತಿ ಹಾಕಿದರು. ಆ ಪಂಕ್ತಿಗಳು ಒಂದಾದದ್ದು 1977ರಲ್ಲಿ.

ಇಲ್ಲಿ ಬಾಗಿಲು ತಾನಾಗಿ ತೆರೆಯಲಿಲ್ಲ. 1916ರಲ್ಲಿ ಆನಿ ಬೆಸೆಂಟರು ಮದರಾಸಿನಲ್ಲಿ ಇಂಡಿಯನ್ ಹುಡುಗರಿಗೆ ಬೇರೆಯೇ ಸ್ಕೌಟ್ ಸಂಘ ಕಟ್ಟಿದರು. 1918ರಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಇವರು ಅಲಹಾಬಾದಿನಲ್ಲಿ ಸೇವಾ ಸಮಿತಿ ಸ್ಕೌಟ್ ಸಂಘ ಕಟ್ಟಿದರು. ಆಮೇಲೆ ಬೇಡನ್ ಪೊವೆಲ್ ಇಂಡಿಯನ್ನರ ನಡತೆಯ ಬಗ್ಗೆ ಹಗುರವಾಗಿ ಆಡಿದ ಮಾತಿಗೆ ಸಿಟ್ಟಾಗಿ 1938ರಲ್ಲಿ ಹಿಂದೂಸ್ತಾನ್ ಸ್ಕೌಟ್ ಸಂಘ ಹುಟ್ಟಿತು. ಎಲ್ಲ ಕೂಡಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. ಗೈಡ್ಸ್ ಹೆಣ್ಣುಮಕ್ಕಳ ಸಂಘ ಅದರೊಳಗೆ ಬಂದದ್ದು ಮರುವರ್ಷ ಆಗಸ್ಟ್ 15ಕ್ಕೆ.

ಬಿಳಿಯನು 'ಎಲ್ಲರೂ' ಎಂದಾಗ ಅದರಲ್ಲಿ ಇಂಡಿಯನ್ ಹುಡುಗ ಇರಲಿಲ್ಲ. ಹಾಗಾದರೆ ನಮ್ಮವರು 'ಇಂಡಿಯನ್ ಹುಡುಗ' ಎಂದಾಗ ಅದರಲ್ಲಿ ಕೇರಿಯ ಹುಡುಗ ಇದ್ದಾನೆಯೇ? ಇದನ್ನು ಪ್ರತಿ ಸಲವೂ ಕೇಳಬೇಕು. 'ಎಲ್ಲರೂ' ಎಂಬುದು ನಮ್ಮ ಭಾಷೆಯಲ್ಲಿ ಬಹಳ ಮೋಸದ ಪದ. ಊರಿನ ಎಲ್ಲರೂ ಜಾತ್ರೆಗೆ ಬಂದರು ಎನ್ನುತ್ತಾರೆ. ಊರೆಂದರೆ ಕೇರಿ ಬಿಟ್ಟು ಎಂದು ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು.

ಇಷ್ಟೆಲ್ಲ ಹೇಳಿದ ಮೇಲೂ ನಾವು ಶಿಬಿರವನ್ನು ಬೇಡ ಎನ್ನುವುದಿಲ್ಲ. ಯಾಕೆಂದರೆ ಶಿಬಿರದ ಭಾಷಣಕ್ಕಿಂತ ಶಿಬಿರದ ಕೆಲಸ ದೊಡ್ಡದು. ಕೊಂಡಜ್ಜಿಯಲ್ಲೋ ದೊಡ್ಡಬಳ್ಳಾಪುರದಲ್ಲೋ ಸ್ಕೌಟ್ ಮಾಷ್ಟ್ರ ತರಬೇತಿ ಪಡೆದ ನಮ್ಮ ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಇದು ಗೊತ್ತು. ಏಳೆಂಟು ಮಕ್ಕಳ ಒಂದು ತಂಡ. ಅದಕ್ಕೆ ಪ್ಯಾಟ್ರೋಲ್ ಎಂದು ಹೆಸರು. ಆ ತಂಡಕ್ಕೆ ಒಂದು ಡೇರೆ, ಒಂದು ಒಲೆ, ಒಂದು ಗುದ್ದಲಿ, ಒಂದು ಸೌಟು. ಇವತ್ತು ಸೌದೆ ತಂದವನು ನಾಳೆ ಪಾತ್ರೆ ತೊಳೆಯಬೇಕು, ನಾಳೆ ಪಾತ್ರೆ ತೊಳೆದವನು ನಾಡಿದ್ದು ಅಡಿಗೆ ಮಾಡಬೇಕು. ಈ ಸರದಿ ಎಂಬುದು ಇದೆಯಲ್ಲ, ಇದು ಜಾತಿಯ ಬುಡಕ್ಕೇ ಕೊಡಲಿ. ಜಾತಿ ಎಂದರೆ ಎಂತ? ಸರದಿ ಇಲ್ಲದ ಕೆಲಸ. ನಿನ್ನ ಅಪ್ಪ ಚರಂಡಿಗೆ ಇಳಿದ, ನೀನೂ ಇಳಿ, ನಿನ್ನ ಮಗನೂ ಇಳಿಯಲಿ. ಅವನ ಅಪ್ಪ ಗರ್ಭಗುಡಿಗೆ ಹೋದ, ಅವನೂ ಹೋಗಲಿ. ಶಿಬಿರ ಏಳು ದಿನದ ಮಟ್ಟಿಗಾದರೂ ಕೆಲಸಕ್ಕೂ ಹುಟ್ಟಿಗೂ ಇರುವ ಗಂಟನ್ನು ಬಿಚ್ಚುತ್ತದೆ.

ಆದ್ದರಿಂದ ಯಾವ ಶಿಬಿರವನ್ನೇ ಆಗಲಿ ಮೂರು ವಸ್ತುಗಳಿಂದ ಅಳೆಯಬಹುದು: ಸೌಟು, ಗುದ್ದಲಿ ಮತ್ತು ಎಡಗೈ.

ಮೊದಲು ಸೌಟು. ಅಡಿಗೆ ಮಾಡಿದವರು ಯಾರು, ಬಡಿಸಿದವರು ಯಾರು, ಉಂಡವರು ಯಾವ ಸಾಲಿನಲ್ಲಿ ಕೂತರು? ಈ ಕರಾವಳಿಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಇಲ್ಲಿ ಕೊರಗರಿಗೆ ಅನ್ನದಲ್ಲಿ ಕೂದಲು ಉಗುರು ಬೆರೆಸಿ ತಿನ್ನಿಸಿ, ಉಳ್ಳವರ ಮನೆಯ ರೋಗವನ್ನು ಅವರ ಮೈಗೆ ದಾಟಿಸುವ ಅಜಲು ಪದ್ಧತಿ ಇತ್ತು. ಅದನ್ನು ನಿಷೇಧಿಸಲು ಸರ್ಕಾರ 2000ದಲ್ಲಿ ಪ್ರತ್ಯೇಕ ಕಾಯ್ದೆ ತರಬೇಕಾಯಿತು. ಉಂಡ ಎಂಜಲೆಲೆಯ ಮೇಲೆ ಹೊರಳುವ ಮಡೆಸ್ನಾನ ಕೋರ್ಟುಗಳ ಮೆಟ್ಟಿಲು ಹತ್ತಿ ಇಳಿದು, ಕೊನೆಗೆ 2017ರ ಕಾಯ್ದೆಯೊಳಗೆ ಬಂತು. ಇದು ಕರಾವಳಿಯ ಕತೆ ಮಾತ್ರವೂ ಅಲ್ಲ. ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಶಾಲೆಯ ಬಿಸಿಯೂಟ ಮಾಡುವವಳು ದಲಿತ ಹೆಂಗಸು ಎಂಬ ಒಂದೇ ಕಾರಣಕ್ಕೆ ಸುಮಾರು ನೂರು ಮಕ್ಕಳನ್ನು ಹೆತ್ತವರು ಶಾಲೆ ಬಿಡಿಸಿದರೆಂಬ ಸುದ್ದಿ 2015ರಲ್ಲಿ ದೇಶಕ್ಕೆಲ್ಲ ಹರಡಿತು. ಶಾಲೆ ಬಿಟ್ಟರೂ ಆದೀತು, ಆ ಕೈಯ ಅನ್ನ ಬೇಡ! ಇಂಥ ದೇಶದಲ್ಲಿ, ಹನ್ನೆರಡು ವರ್ಷದ ಮಗು ಹೊಗೆಗೆ ಕಣ್ಣುಜ್ಜಿಕೊಂಡು ಬೇಯಿಸಿದ ಅರೆಬೆಂದ ಅನ್ನವನ್ನು ಯಾವ ಮನೆಯ ಮಗು ಎಂದು ಕೇಳದೆ ಎಂಟು ಮಕ್ಕಳು ಉಣ್ಣುವುದು ಒಂದು ಕ್ರಾಂತಿಯೇ ಸರಿ.

ಆದರೆ ಇಲ್ಲಿ ಇನ್ನೊಂದು ಮಾತು ಉಂಟು. 'ಎಲ್ಲರಿಗೂ ಹಿಡಿಸುವ ಊಟ' ಎಂದು ನಾವು ನಿರ್ಧರಿಸುವಾಗ ಯಾರ ಊಟ ಎಲ್ಲರ ಊಟವಾಗುತ್ತದೆ? ಮೀನಿನ ಸಾರು ಇಲ್ಲದೆ ತುತ್ತು ಇಳಿಯದ ಕರಾವಳಿಯ ಮಗು ಏಳು ದಿನ ಸೊಪ್ಪಿನ ಸಾರು ಉಣ್ಣಬಲ್ಲದು. ಅದಕ್ಕೆ ಯಾರೂ ಹೊಂದಾಣಿಕೆ ಎಂದು ಹೆಸರಿಡುವುದಿಲ್ಲ. ಪಕ್ಕದ ಎಲೆಯಲ್ಲಿ ಮೊಟ್ಟೆ ಇದ್ದರೆ ಸಹಿಸಿಕೋ ಎಂದು ಇನ್ನೊಂದು ಮಗುವಿಗೆ ಯಾರೂ ಕಲಿಸುವುದಿಲ್ಲ. 2021ರ ಕೊನೆಯಲ್ಲಿ ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಕೊಡಲು ಹೊರಟಾಗ ಮಠಾಧೀಶರೇ ಎದ್ದು ನಿಂತರು. ಹೊಟ್ಟೆಗಿಲ್ಲದ ಮಗುವಿನ ತಟ್ಟೆಗೆ ಬಂದ ಮೊಟ್ಟೆ, ಹೊಟ್ಟೆ ತುಂಬಿದವರ ಧರ್ಮಕ್ಕೆ ಅಪಾಯವಾಯಿತು! ಒಬ್ಬನು ಮಾತ್ರ ಬಗ್ಗಿ, ಇನ್ನೊಬ್ಬನು ನೆಟ್ಟಗೆ ನಿಂತು ಆಗುವ ಐಕ್ಯವನ್ನು ಐಕ್ಯ ಎನ್ನಬೇಡಿ.

ಎರಡನೆಯದು ಗುದ್ದಲಿ. ಸ್ಕೌಟ್ ಶಿಬಿರದ ಹಳೆಯ ಪದ್ಧತಿಯಲ್ಲಿ ಡೇರೆ ಹೊಡೆದ ಕೂಡಲೇ ಮಾಡುವ ಕೆಲಸ ಪಾಯಖಾನೆಯ ಗುಂಡಿ ತೋಡುವುದು. ಹೋದವನು ತಾನೇ ಮಣ್ಣು ಮುಚ್ಚಬೇಕು. ಶಿಬಿರ ಮುಗಿದ ದಿನ ಗುಂಡಿ ತುಂಬಿ ಗುರುತು ಇಟ್ಟು ಹೋಗಬೇಕು. ನಮ್ಮ ದೇಶದ ಅಷ್ಟೂ ನೀತಿಬೋಧೆಗಳನ್ನು ಒಂದು ತಕ್ಕಡಿಯಲ್ಲಿ ಇಟ್ಟು ಈ ಗುಂಡಿಯನ್ನು ಇನ್ನೊಂದು ತಕ್ಕಡಿಯಲ್ಲಿ ಇಟ್ಟರೆ ಗುಂಡಿಯೇ ತೂಗುತ್ತದೆ. ತನ್ನ ಹೊಲಸನ್ನು ತಾನೇ ಮುಚ್ಚುವ ಮೇಲ್ಜಾತಿಯ ಹುಡುಗ ಅದುವರೆಗೆ ಯಾವ ಶಾಸ್ತ್ರವೂ ಕಲಿಸದ ಪಾಠ ಕಲಿಯುತ್ತಾನೆ: ಹೊಲಸು ಎಲ್ಲರ ಮೈಯಿಂದಲೂ ಬರುತ್ತದೆ, ಒಂದು ಜಾತಿಯಿಂದ ಬರುವುದಿಲ್ಲ. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, ಎಪ್ಪತ್ತರ ದಶಕದಲ್ಲಿ, ಈ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟರು. ಕಾಯ್ದೆಗಳು 1993ರಲ್ಲಿ ಬಂದವು, ಮತ್ತೆ 2013ರಲ್ಲಿ ಬಂದವು. ಈ ನಡುವೆ 2010ರಲ್ಲಿ ಸವಣೂರಿನ ಭಂಗಿ ಬಂಧುಗಳು ಪುರಸಭೆಯ ಎದುರು ತಮ್ಮ ಮೈಗೆ ತಾವೇ ಮಲ ಸುರಿದುಕೊಂಡು ನಿಂತರು. ನಾಡು ಮೂಗು ಮುಚ್ಚಿಕೊಂಡಿತು. ಮ್ಯಾನ್‌ಹೋಲಿನಲ್ಲಿ ಸಾಯುವುದು ಇವತ್ತಿಗೂ ನಿಂತಿಲ್ಲ.

ಆದ್ದರಿಂದ ದೊಡ್ಡ ಮೇಳ ನಡೆದಾಗಲೆಲ್ಲ ಕೇಳಿ: ಸಾವಿರಾರು ಮಕ್ಕಳ ಪಾಯಖಾನೆ ತೊಳೆದವರು ಯಾರು? ಸರದಿಯ ಮೇಲೆ ಮಕ್ಕಳೇ ತೊಳೆದಿದ್ದರೆ ಅದು ಶಿಬಿರ. ಬೆಳಗಿನ ಜಾವ ಯಾರೂ ಏಳುವ ಮೊದಲು ಗುತ್ತಿಗೆಯ ಪೌರಕಾರ್ಮಿಕರು ಬಂದು ತೊಳೆದು, ಮಕ್ಕಳು ಏಳುವಷ್ಟರಲ್ಲಿ ಮರೆಯಾಗಿದ್ದರೆ ಅದು ಶಿಬಿರವಲ್ಲ, ಜಾತ್ರೆ. ಆ ಜಾತ್ರೆಯಲ್ಲಿ 'ನಾವೆಲ್ಲ ಒಂದೇ' ಎಂದು ಹಾಡುವ ಮಕ್ಕಳಿಗೂ ಅದು ಕಲಿಸುವುದು ಹಳೆಯ ಪಾಠವನ್ನೇ.

ಮೂರನೆಯದು ಎಡಗೈ. ಸ್ಕೌಟುಗಳು ಕೈಕುಲುಕುವುದು ಎಡಗೈಯಿಂದ. ಆಫ್ರಿಕಾದ ಅಶಾಂತಿ ಜನರಿಂದ ಬಂದ ಪದ್ಧತಿ ಎಂದು ಅವರು ಕತೆ ಹೇಳುತ್ತಾರೆ. ಯೋಧನ ಬಲಗೈಯಲ್ಲಿ ಈಟಿ, ಎಡಗೈಯಲ್ಲಿ ಗುರಾಣಿ. ಎಡಗೈ ಚಾಚಬೇಕಾದರೆ ಗುರಾಣಿ ಕೆಳಗಿಡಬೇಕು. ನಿನ್ನ ಎದುರು ನನಗೆ ರಕ್ಷಣೆ ಬೇಡ, ನಿನ್ನನ್ನು ನಂಬಿದ್ದೇನೆ ಎಂದು ಅರ್ಥ. ಆ ಅಶಾಂತಿಯ ರಾಜ ಪ್ರೆಂಪೆಯನ್ನು 1896ರಲ್ಲಿ ಸೆರೆಹಿಡಿದ ಇಂಗ್ಲಿಷ್ ದಂಡಿನಲ್ಲಿ ಬೇಡನ್ ಪೊವೆಲ್ ಕೂಡ ಇದ್ದ. ಗೆದ್ದವನು ಸೋತವನಿಂದ ಕಲಿತ ನಂಬಿಕೆಯ ಗುರುತು ಇದು. ಇರಲಿ. ಆ ಗುರುತು ನಮ್ಮ ನೆಲಕ್ಕೆ ಬಂದಾಗ ಅದಕ್ಕೆ ಇನ್ನೊಂದು ಅರ್ಥ ಬರುತ್ತದೆ. ನಮ್ಮಲ್ಲಿ ಎಡಗೈ ಎಂದರೆ ಮೈಲಿಗೆಯ ಕೈ. ಎಡಗೈಯಿಂದ ಕೊಡಬಾರದು, ತೆಗೆದುಕೊಳ್ಳಬಾರದು, ಉಣ್ಣಬಾರದು. ಮೈಯಲ್ಲೇ ಒಂದು ಅಸ್ಪೃಶ್ಯ ಕೇರಿ ಮಾಡಿಟ್ಟಿದ್ದೇವೆ! ಹೊಲಸು ತೊಳೆಯುವ ಕೈಯನ್ನು ಕೀಳು ಮಾಡಿದ ಬುದ್ಧಿಯೇ ಹೊಲಸು ತೊಳೆಯುವ ಮನುಷ್ಯನನ್ನೂ ಕೀಳು ಮಾಡಿತು. ನಮ್ಮ ದಲಿತರೊಳಗೂ ಎಡಗೈ ಬಲಗೈ ಎಂಬ ಗೋಡೆ ಉಂಟು. ಆ ಗೋಡೆಯ ಎರಡೂ ಕಡೆ ನಿಂತವರು ನಮ್ಮವರೇ. ಹಾಗಿರುವಾಗ ಎಡಗೈ ಮುಂದೆ ಚಾಚುವ ಮಗು ಒಂದೇ ಸಲಕ್ಕೆ ಎರಡು ಕೆಲಸ ಮಾಡುತ್ತದೆ. ಗುರಾಣಿಯನ್ನು ಕೆಳಗಿಡುತ್ತದೆ, ಮಡಿಯನ್ನೂ ಕೆಳಗಿಡುತ್ತದೆ. ಮಗುವಿಗೆ ಇದು ಗೊತ್ತಿಲ್ಲದಿರಬಹುದು. ಕಲಿಸುವ ಮಾಷ್ಟ್ರಿಗೆ ಗೊತ್ತಿರಬೇಕು.

ಈಗ ನಮ್ಮ ಸಿಟ್ಟಿನ ಗೆಳೆಯರು ಎತ್ತುವ ಆಕ್ಷೇಪಕ್ಕೆ ಬರೋಣ. ಯೂನಿಫಾರಂ ಎಲ್ಲವನ್ನೂ ಮುಚ್ಚಿಡುತ್ತದೆ ಎನ್ನುತ್ತಾರೆ. ಅದು ನಿಜ. ಜಾತಿ ಕೇಳಬೇಡಿ, ಎಲ್ಲ ಮರೆತುಬಿಡಿ ಎಂದು ಶಿಬಿರದಲ್ಲಿ ಹೇಳುವುದು ಸುಲಭ. ಮರೆಯುವುದಕ್ಕೆ ಒಬ್ಬನಿಗೆ ಏನೂ ಖರ್ಚಿಲ್ಲ, ಯಾಕೆಂದರೆ ಅವನು ಅದನ್ನು ದಿನವೂ ನೆನಪಿಡಬೇಕಾಗಿ ಬಂದವನೇ ಅಲ್ಲ. ಇನ್ನೊಬ್ಬನಿಗೆ ಅದು ಹಾಗಲ್ಲ. ಅವನ ಅವ್ವ ಯಾವ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದಳು, ಅವನ ಅಪ್ಪ ಯಾವ ಹೋಟೆಲಿನ ಹೊರಗೆ ನಿಂತು ಚಾ ಕುಡಿದ ಎಂಬುದೆಲ್ಲ ಅವನ ಮೈಮೇಲೆ ಬರೆದಿದೆ. ಅದನ್ನು ಮರೆ ಎಂದರೆ ತಾಯಿ ತಂದೆಯನ್ನು ಮರೆ ಎಂದ ಹಾಗೆ. ಮತ್ತೆ, ಬರುವವರಾದರೂ ಯಾರು? ಚಡ್ಡಿ, ಟೋಪಿ, ಬೂಟು, ಬಸ್ ಚಾರ್ಜು ಇವಕ್ಕೆ ದುಡ್ಡು ಇಲ್ಲದ ಮಗು ಶಿಬಿರದ ಗೇಟಿನ ತನಕವೂ ಬರುವುದಿಲ್ಲ. ಒಳಗೆ ಬಂದವರೆಲ್ಲ ಸಮಾನರಾಗಿರಬಹುದು. ಬಾರದೆ ಉಳಿದವರ ಲೆಕ್ಕ ಯಾರಲ್ಲಿ ಉಂಟು?

ಯೂನಿಫಾರಂ ಎಂಬ ಪದಕ್ಕೆ 2022ರಲ್ಲಿ ಬಂದ ಗತಿಯನ್ನೂ ನೆನೆಯಬೇಕು. ಆ ವರ್ಷದ ಫೆಬ್ರವರಿಯಲ್ಲಿ ಸಮವಸ್ತ್ರದ ಬಗ್ಗೆ ಸರ್ಕಾರದ ಆದೇಶ ಬಂತು, ಮಾರ್ಚ್ 15ಕ್ಕೆ ಹೈಕೋರ್ಟಿನ ತೀರ್ಪು ಬಂತು. ಮೇ ತಿಂಗಳಲ್ಲಿ ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಿಗೂ ಹಿಜಾಬ್ ವಿವಾದ ಮುಟ್ಟಿತು. ಹಾಗೆ ದಾರಿಹೋಕರಿಗೆಲ್ಲ ನೀರು ಕೊಟ್ಟವನ ಹೆಸರಿನ ಕಟ್ಟೆಯಲ್ಲೇ ತಲೆಯ ಮೇಲಿನ ಒಂದು ತುಂಡು ಬಟ್ಟೆಗಾಗಿ ಹೆಣ್ಣುಮಕ್ಕಳ ಓದಿನ ಮೇಲೆ ಪ್ರಶ್ನೆ ಬಿತ್ತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರು ಎರಡು ತೀರ್ಪು ಕೊಟ್ಟರು. ಡಿಸೆಂಬರಿನಲ್ಲಿ ಜಾಂಬೂರಿ ಬಂತು. ಒಂದೇ ವರ್ಷದಲ್ಲಿ ಒಂದೇ ಜಿಲ್ಲೆಯಲ್ಲಿ ಸಮವಸ್ತ್ರವು ಒಂದು ಕಡೆ ಎಲ್ಲರನ್ನೂ ಒಳಗೆ ಕರೆಯುವ ಬಟ್ಟೆಯಾಯಿತು, ಇನ್ನೊಂದು ಕಡೆ ಹೊರಗೆ ನಿಲ್ಲಿಸುವ ಬಟ್ಟೆಯಾಯಿತು. ಬಟ್ಟೆಯಲ್ಲಿ ಸಮಾನತೆ ಇಲ್ಲ. ಬಟ್ಟೆಯನ್ನು ಯಾವ ಉದ್ದೇಶಕ್ಕೆ ಹೊಲಿಸಿದ್ದೀರಿ ಎಂಬುದರಲ್ಲಿ ಉಂಟು.

ಹಾಗಾದರೆ ಶಿಬಿರ ಸುಳ್ಳೇ? ನಾವು ಹಾಗೆ ಹೇಳುವುದಿಲ್ಲ. ಇಲ್ಲಿ ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆದರೆ ದಾರಿ ಕಾಣುತ್ತದೆ. ಅನುಭವ ಮಂಟಪದಲ್ಲಿ ಎಲ್ಲ ಕಾಯಕದವರೂ ಒಟ್ಟಿಗೆ ಕೂತರು, ಮಾತಾಡಿದರು. ಊರು ಗೊಣಗಿತು, ಆದರೂ ಸಹಿಸಿತು. ಯಾವಾಗ ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳು ಎಂದು ನಿಶ್ಚಯವಾಯಿತೋ ಆಗ ಆನೆಯ ಕಾಲಿಗೆ ಕಟ್ಟಿ ಎಳೆಸಿದರು. ಮಂಟಪದ ಒಳಗಿನ ಸಮಾನತೆ ಮಂಟಪದಲ್ಲೇ ಇರುವವರೆಗೆ ಯಾವ ರಾಜನಿಗೂ ಚಿಂತೆಯಿಲ್ಲ. ಅದು ಮನೆಯ ಒಳಕ್ಕೆ ಕಾಲಿಟ್ಟ ದಿನ ರಕ್ತ ಹರಿಯುತ್ತದೆ. ಹಾಗೆಂದು ಮಂಟಪ ಸುಳ್ಳಾಗಿತ್ತೆ? ಮಂಟಪ ಇಲ್ಲದಿದ್ದರೆ ಆ ಮದುವೆಯ ಮಾತೇ ಹುಟ್ಟುತ್ತಿರಲಿಲ್ಲ. ಶಿಬಿರವೂ ಹೀಗೆಯೇ. ಶಿಬಿರದಲ್ಲಿ ಒಟ್ಟಿಗೆ ಹಾಡಿದ ಹುಡುಗ ಹುಡುಗಿ ಊರಿಗೆ ಬಂದ ಮೇಲೆ ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಕೂತರೆ, ಅವರ ಮತ ಬೇರೆಯಾದರೆ, ಬಸ್ಸು ನಿಲ್ಲಿಸಿ ಇಳಿಸುವ ಗುಂಪುಗಳು ಈ ಜಿಲ್ಲೆಯಲ್ಲಿ ಉಂಟು. ಶಿಬಿರಾಗ್ನಿಯ ಸುತ್ತ ಅವರು ಒಟ್ಟಿಗೆ ಕುಣಿದಾಗ ಚಪ್ಪಾಳೆ ಹೊಡೆದ ಹಿರಿಯರು ಆವಾಗ ಎಲ್ಲಿರುತ್ತಾರೆ?

ಅಂಬೇಡ್ಕರರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದೂ ಇದನ್ನೇ. ರಾಜಕೀಯದಲ್ಲಿ ಸಮಾನತೆ, ಬಾಳಿನಲ್ಲಿ ಅಸಮಾನತೆ, ಈ ವಿರೋಧವನ್ನು ಇಟ್ಟುಕೊಂಡು ನಾವು ಗಣರಾಜ್ಯಕ್ಕೆ ಕಾಲಿಡುತ್ತಿದ್ದೇವೆ, ಬೇಗ ಸರಿಮಾಡದಿದ್ದರೆ ನರಳುವವರು ಕಟ್ಟಿದ ಮನೆಯನ್ನೇ ಕೆಡವುತ್ತಾರೆ ಎಂದರು. ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಮೂರನ್ನೂ ಬಿಡಿಸಿ ನೋಡಬಾರದು ಎಂದರು. ಮೊದಲ ಎರಡನ್ನು ಕಾಯ್ದೆಯಲ್ಲಿ ಬರೆಯಬಹುದು. ಮೂರನೆಯದನ್ನು ಹೇಗೆ ಬರೆಯುವುದು? 17ನೆಯ ವಿಧಿ ಅಸ್ಪೃಶ್ಯತೆಯನ್ನು ಅಪರಾಧ ಮಾಡಿತು, 15ನೆಯ ವಿಧಿ ಬಾವಿ ಕೆರೆಗಳನ್ನು ಎಲ್ಲರಿಗೂ ತೆರೆಯಿತು. ಆದರೆ ಪಕ್ಕದವನ ನೋವು ನನ್ನ ನೋವು ಎಂದು ಅನ್ನಿಸುವುದಕ್ಕೆ ವಿಧಿ ಇಲ್ಲ. ಅದಕ್ಕೆ ಅಭ್ಯಾಸ ಬೇಕು. ಶಿಬಿರ ಅಂಥ ಅಭ್ಯಾಸದ ಜಾಗ. ಈಜು ಕಲಿಯಲು ಕೆರೆ ಬೇಕಾದ ಹಾಗೆ.

ಇಲ್ಲಿಗೆ ನಮ್ಮ ಮಾತಿನ ತಿರುಳು ಬಂತು. ಏಳು ದಿನದ ಸಮಾನತೆ ಪೂರ್ತಿ ಸಮಾನತೆಯಲ್ಲ, ಆದರೆ ಅದು ಸಾಕ್ಷಿ. ಜಾತಿಯನ್ನು ಉಳಿಸಿಕೊಳ್ಳಬೇಕೆನ್ನುವವರು ಯಾವಾಗಲೂ ಒಂದು ನೆವ ಹೇಳುತ್ತಾರೆ: ಇದು ಸಾವಿರಾರು ವರ್ಷದ ರೂಢಿ, ರಕ್ತದಲ್ಲಿ ಬಂದದ್ದು, ಒಮ್ಮೆಲೇ ಹೋಗುತ್ತದೆಯೇ, ನಿಧಾನ, ನಿಧಾನ. ಆಗುವುದಿಲ್ಲ ಎಂಬ ಮಾತನ್ನು ಮೆತ್ತಗೆ ಹೇಳುವ ಕ್ರಮ ಇದು. ಶಿಬಿರ ಈ ನೆವವನ್ನು ಸುಟ್ಟುಹಾಕುತ್ತದೆ. ನಿಮ್ಮ ಮಗನೇ ಏಳು ದಿನ ಕೇರಿಯ ಹುಡುಗನ ಕೈ ಅಡಿಗೆ ಉಂಡು ಬದುಕಿ ಬಂದನಲ್ಲ, ಅವನ ರಕ್ತ ಏನಾಯಿತು? ನಿಮ್ಮ ಮಗಳು ಬ್ಯಾರಿ ಹುಡುಗಿಯ ಪಕ್ಕದಲ್ಲಿ ಒಂದೇ ಚಾಪೆಯ ಮೇಲೆ ಮಲಗಿ ಎದ್ದಳಲ್ಲ, ಅವಳ ಧರ್ಮ ಏನಾಯಿತು? ಏನೂ ಆಗಲಿಲ್ಲ. ಹಾಗಾದರೆ ಎಂಟನೆಯ ದಿನ ಮತ್ತೆ ಹಳೆಯ ಲೋಟ, ಹಳೆಯ ಬೀದಿ, ಹಳೆಯ ಗುರುತು ಶುರುವಾದರೆ ಅದಕ್ಕೆ ರೂಢಿ ಕಾರಣವಲ್ಲ. ಬೇರೆ ರೀತಿ ಬಾಳಲು ಬರುತ್ತದೆಂದು ತಿಳಿದೂ ಬಾಳದೆ ಇರುವುದು. ಗೊತ್ತಿಲ್ಲದವನ ತಪ್ಪಿಗಿಂತ ಗೊತ್ತಿದ್ದವನ ತಪ್ಪು ದೊಡ್ಡದು. ಶಿಬಿರಕ್ಕೆ ಮಕ್ಕಳನ್ನು ಕಳಿಸಿದ, ಶಿಬಿರ ನಡೆಸಿದ, ಶಿಬಿರದಲ್ಲಿ ಭಾಷಣ ಮಾಡಿದ ಪ್ರತಿಯೊಬ್ಬನ ಮೇಲೂ ಈ ಸಾಲ ಉಂಟು.

ಈ ಸಾಲ ತೀರಿಸುವುದು ಹೇಗೆ ಎಂಬುದಕ್ಕೆ ಮಂಗಳೂರಿನಲ್ಲೇ ಒಂದು ಉದಾಹರಣೆ ಉಂಟು. ಕುದ್ಮುಲ್ ರಂಗರಾಯರು 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಅವರದು ಏಳು ದಿನದ ಕೆಲಸವಲ್ಲ. ಬೆಳಗಾದರೆ ಶಾಲೆ, ಮಧ್ಯಾಹ್ನ ಊಟ, ನಾಳೆ ಮತ್ತೆ ಶಾಲೆ. ಅವರ ಸ್ವಂತ ಜಾತಿಯವರೇ ಅವರನ್ನು ಹೊರಗಿಟ್ಟರು. ಏಳು ದಿನದಲ್ಲಿ ಮುಗಿಸಿ ಮನೆಗೆ ಹೋಗಿದ್ದರೆ ಯಾರೂ ಹೊರಗಿಡುತ್ತಿರಲಿಲ್ಲ; ಹಾರ ಹಾಕುತ್ತಿದ್ದರು. ಈಗ ನಗರದ ಪುರಭವನಕ್ಕೆ ಅವರ ಹೆಸರಿದೆ. ಆ ಭವನದಲ್ಲಿ ಸೌಹಾರ್ದದ ಭಾಷಣ ಮಾಡುವವರು ಆ ಹೆಸರಿನ ಅರ್ಥವನ್ನೂ ಸ್ವಲ್ಪ ಯೋಚಿಸಲಿ.

ಹಳ್ಳಿಯ ಮೇಷ್ಟ್ರುಗಳೆ, ಕಾಲೇಜಿನ ಗೆಳೆಯರೆ, ನಿಮ್ಮಲ್ಲಿ ಸ್ಕೌಟ್ ಮಾಷ್ಟ್ರು ಇದ್ದೀರಿ, ಎನ್ನೆಸ್ಸೆಸ್ ಶಿಬಿರ ನಡೆಸುವವರು ಇದ್ದೀರಿ, ನಮ್ಮ ಸಂಘಟನೆಯ ಅಧ್ಯಯನ ಶಿಬಿರ ನಡೆಸುವವರೂ ಇದ್ದೀರಿ. ಶಿಬಿರ ಮಾಡಿ. ಆದರೆ ಜಾಗ ಹುಡುಕುವಾಗ ಊರಾಚೆಯ ಮೈದಾನ ಮಾತ್ರ ಹುಡುಕಬೇಡಿ. ಕೇರಿಯ ಅಂಗಳದಲ್ಲೂ ಡೇರೆ ಹೊಡೆಯಿರಿ. ಗೆಳೆಯರು ಗೆಳೆಯರು ಒಂದೇ ತಂಡಕ್ಕೆ ಬೀಳುವಂತೆ ಹಂಚಬೇಡಿ. ಯೂನಿಫಾರಮ್ಮಿಗೆ ದುಡ್ಡಿಲ್ಲದ ಮಗುವಿಗೆ ದಳವೇ ಕೊಡಿಸಲಿ, ಇಲ್ಲವಾದರೆ ಎಲ್ಲರೂ ಮನೆಯ ಬಟ್ಟೆಯಲ್ಲೇ ಬರಲಿ. ಸೌಟಿನ ಸರದಿಯನ್ನೂ ಗುದ್ದಲಿಯ ಸರದಿಯನ್ನೂ ಯಾರ ಹೆತ್ತವರು ಬಂದು ಗೋಗರೆದರೂ ತಪ್ಪಿಸಬೇಡಿ. ನೀವೂ ಆ ಸರದಿಯಲ್ಲಿ ನಿಲ್ಲಿ.

ಎಲ್ಲಕ್ಕಿಂತ ಮುಖ್ಯ, ಎಂಟನೆಯ ದಿನವನ್ನೂ ಶಿಬಿರದ ವೇಳಾಪಟ್ಟಿಯಲ್ಲಿ ಬರೆಯಿರಿ. ಆ ದಿನ ಒಂದು ತಂಡದ ಎಂಟೂ ಮಕ್ಕಳು ಅದೇ ತಂಡದ ಒಬ್ಬನ ಮನೆಗೆ ಹೋಗಲಿ, ಒಳಗೆ ಹೋಗಲಿ, ಆ ಮನೆಯ ಅವ್ವ ಕೊಟ್ಟ ನೀರು ಕುಡಿಯಲಿ. ಮುಂದಿನ ತಿಂಗಳು ಇನ್ನೊಬ್ಬನ ಮನೆಗೆ. ಎಂಟು ತಿಂಗಳಲ್ಲಿ ಎಂಟು ಮನೆಯ ಹೊಸಿಲು ದಾಟಬೇಕು. ಯಾವ ಹೊಸಿಲಿನಲ್ಲಿ ಯಾವ ಮಗುವನ್ನು ತಡೆದರು ಎಂದು ಬರೆದಿಡಿ, ಯಾಕೆ ತಡೆದಿರಿ ಎಂದು ಹೋಗಿ ಕೇಳಿ. ಜಗಳ ಬರುತ್ತದೆ. ಬರಲಿ. ಶಿಬಿರ ಬಿಟ್ಟು ಹೋಗುವಾಗ ನೆಲದ ಮೇಲೆ ಕಸಕಡ್ಡಿಯ ಗುರುತೂ ಉಳಿಯಬಾರದು ಎಂದು ಸ್ಕೌಟುಗಳಿಗೆ ಕಲಿಸುತ್ತಾರೆ. ಅದು ಒಳ್ಳೆಯ ನಿಯಮ. ಆದರೆ ಮಕ್ಕಳು ಮರಳಿದ ಊರಿನ ಮೇಲೆ ಶಿಬಿರದ ಗುರುತು ಏನೂ ಉಳಿಯದಿದ್ದರೆ ಅಷ್ಟು ಅಕ್ಕಿ, ಅಷ್ಟು ಸೌದೆ ಸುಟ್ಟದ್ದು ಯಾಕೆ ಎಂದು ಕೇಳುವ ಹಕ್ಕು ನಮಗೆಲ್ಲರಿಗೂ ಉಂಟು.